ಈ ಕಾಫಿ ಅಂಗಡಿ ಪತ್ತೇದಾರಿ ಸೀರೀಸ್ ಯಾರರ ಓದೀರೇನ್ರಿ? ಮುಂದುವರಸ್ಲೋ ಬ್ಯಾಡೋ

ಚಿಗರಿ ಬಸ್ ಓದುಗ, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಹೋದ ತಿಂಗಳ ಧಾರವಾಡದಾಗ ಹಳೇ ಪುಸ್ತಕ ಮಾರಾಟಕ್ಕ ಹೋಗಿದ್ನಿ, ಕಾಫಿ ಹೆಸರು ಕಂಡ್ತು ಅಂತ ಒಂದ್ ಇಂಗ್ಲಿಷ್ ಪುಸ್ತಕ ಎತ್ಕೊಂಡ್ ಬಂದ್ನಿ, ಲಾಟೆ ಟ್ರಬಲ್ ಅಂತ, ಬರದವ್ರು ಕ್ಲಿಯೋ ಕಾಯ್ಲ್. ದಿನಾ ನವನಗರದಿಂದ ಜುಬಿಲಿ ಸರ್ಕಲ್ ತನಕ ಚಿಗರಿಯೊಳಗ ಹೋಗಿ ಬರೂದ್ರಾಗ ಓದಿ ನಾಕ್ ದಿನಕ್ಕ ಮುಗಸಿದ್ನಿ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಅನ್ನೋ ಏರಿಯಾದಾಗ ವಿಲೇಜ್ ಬ್ಲೆಂಡ್ ಅಂತ ನೂರು ವರ್ಷ ದಾಟಿದ ಕಾಫಿ ಅಂಗಡಿ, ಕ್ಲೇರ್ ಕೋಸಿ ಅನ್ನಾಕಿ ಅದರ ಮ್ಯಾನೇಜರ್, ಅಲ್ಲೆ ಫ್ಯಾಷನ್ ಮಂದೀದು ಪಾರ್ಟಿ ನಡದಾಗ ಒಬ್ಬರು ಲಾಟೆ, ಅಂದ್ರ ಹಾಲಿನ ಕಾಫಿ, ಕುಡದು ಅಲ್ಲೇ ಸಾಯ್ತಾರ, ಪೊಲೀಸ್ರು ಅಂಗಡಿ ಹುಡುಗನ್ನ ಎತ್ಕೊಂಡ್ ಹೋಗ್ತಾರ, ಇಕಿ ಅಂವನ್ನ ಬಿಡಸಾಕ ಊರ್ ತುಂಬ ಓಡಾಡ್ತಾಳ.

ಮುಗಿಸಿದ ಮ್ಯಾಲೆ ಗೊತ್ತಾತು ಇದು ಮೂರನೇದು ಅಂತ. ಕ್ಲೇರಳ ಮಾಜಿ ಗಂಡ, ಅತ್ತಿ, ಪೊಲೀಸಪ್ಪ, ಎಲ್ಲಾರೂ ಮೊದಲಿಂದ ಪರಿಚಯ ಇದ್ದಂಗ ಬಂದ್ ಹೋಗ್ತಾರ, ನಾ ಬೀಗರ ಮನಿ ಮದವ್ಯಾಗ ನಿಂತಂಗ ನಿಂತಿದ್ನಿ. ಕೊಲಿ ಮಾಡಿದವ್ರು ಯಾರು ಅಂತ ಅರ್ಧಕ್ಕೇ ವಾಸನಿ ಬಡೀತು, ಆದ್ರೂ ಪುಸ್ತಕ ಕೆಳಗ ಇಡಾಕ ಮನಸ್ಸಾಗ್ಲಿಲ್ಲ, ಅದು ಯಾಕ ಅಂತ ನನಗ ತಿಳೀವಲ್ದು. ಇನ್ನೊಂದು, ನಾವು ಚಾ ಮಂದಿರಿ, ನಮ್ಮ ಮನ್ಯಾಗ ಕಾಫಿ ಅಂದ್ರ ಬೆಂಗಳೂರ ಕಡೀಂದ ಯಾರರ ಬಂದಾಗ ಅಷ್ಟ. ಕಾಫಿ ಹುಚ್ಚಿಲ್ದಾವ್ರಿಗೆ ಈ ಸೀರೀಸ್ ಹಿಡಸ್ತೈತೇನು? ಮೊದಲಿಂದ ಓದಬೇಕೇನು?

ಕೆರಿ ದಂಡಿ ಅಕ್ಕ, ಧಾರವಾಡ

ಮೊದಲಿಂದನ ಓದ್ರಿ, ಅನುಮಾನನ ಬ್ಯಾಡ. ಒಂದನೇದು ಆನ್ ವಾಟ್ ಗ್ರೌಂಡ್ಸ್, 2003ರಾಗ ಬಂದದ್ದು. ಗ್ರೌಂಡ್ಸ್ ಅಂದ್ರ ಕಾಫಿ ಪುಡಿನೂ ಹೌದು, ಕಾರಣನೂ ಹೌದು, ಈ ಸೀರೀಸಿನ ಹೆಸರೆಲ್ಲಾ ಹಿಂಗ ಪನ್ ಮ್ಯಾಲೆನ ನಿಂತಾವ. ಕ್ಲೇರ್ ಬೆಳಿಗ್ಗೆ ಅಂಗಡಿ ಬಾಗಲಾ ತಗದು ಒಳಗ ಬಂದ್ರ ಅಲ್ಲಿ ಕೆಲಸ ಮಾಡೋ ಹುಡುಗಿ ನೆಲಮಾಳಿಗಿ ಪಾವಟಿಗಿ ಕೆಳಗ ಎಚ್ಚರ ತಪ್ಪಿ ಬಿದ್ದಿರ್ತಾಳ, ಪೊಲೀಸರು ಜಾರಿ ಬಿದ್ದಾಳ ಅಂತ ಕೈ ತೊಳ್ಕೊಳ್ಳಿಕ್ಕೆ ನೋಡ್ತಾರ, ಇಕಿಗೆ ಸಮಾಧಾನ ಆಗೂದಿಲ್ಲ. ಮೈಕ್ ಕ್ವಿನ್ ಅನ್ನೋ ಡಿಟೆಕ್ಟಿವ್ ಬರೋದೂ ಅಲ್ಲೇ, ಅಂವಗ ಕಾಫಿ ಕುಡಿಸಿ ಕುಡಿಸಿನ ಅಂವನ ಬಾಯಿ ಬಿಡಸ್ತಾಳ.

ನಿಮ್ಮ "ಯಾಕ"ಗೆ ನನಗ ತೋಚಿದ ಉತ್ತರ ಅಂದ್ರ ಆ ಅತ್ತಿ. ಅಂಗಡಿ ಅಕಿದು. ಮಗ ಮ್ಯಾಟಿಯೋ ದೇಶ ದೇಶ ತಿರುಗಿ ಕಾಫಿ ಬೀಜ ಖರೀದಿ ಮಾಡಾಂವ, ಸಂಸಾರಕ್ಕ ನಾಲಾಯಕ್ಕು. ಡೈವೋರ್ಸ್ ಆದ ಸೊಸಿನ್ನ ಕರಕೊಂಡು ಬಂದು ಮತ್ತ ಅಂಗಡಿ ವಹಿಸ್ತಾಳ, ಮ್ಯಾಲಿನ ಮನಿ ಇಬ್ಬರಿಗೂ ಅಂತ ಬರದು ಕೊಟ್ಟು ಕೂಡ್ತಾಳ ಮುದುಕಿ, ಎಷ್ಟ್ ಶಾಣ್ಯಾ ನೋಡ್ರಿ. ಮಗನ್ನ ಬಿಟ್ಟ ಸೊಸಿ ಬಗ್ಗೆ ಅತ್ತಿಗೆ ಇಷ್ಟು ಅಂತಃಕರಣ ಇರೋದನ್ನ ನಾ ಬ್ಯಾರೆ ಯಾವ ಪತ್ತೇದಾರಿ ಕಥ್ಯಾಗೂ ಓದಿಲ್ಲ, ನಮ್ಮ ಸೀರಿಯಲ್ಲಿನವ್ರು ಇದನ್ನ ಮೊದಲು ಓದಬೇಕು. ಕೊಲಿ ಯಾರದು ಅಂತ ಮುಂದಿನ ವಾರಕ್ಕ ಮರ್ತು ಹೋಗ್ತದ, ಅತ್ತಿ ಸೊಸಿ ಕೂತು ಕಾಫಿ ಕುಡದದ್ದು ನೆನಪಿರ್ತದ.

ಹಾಂ, ಕ್ಲಿಯೋ ಕಾಯ್ಲ್ ಅಂದ್ರ ಒಬ್ಬಾಕಿ ಅಲ್ಲ. ಆಲಿಸ್ ಅಲ್ಫಾನ್ಸಿ, ಮಾರ್ಕ್ ಸೆರಾಸಿನಿ, ಗಂಡ ಹೆಂಡ್ತಿ ಕೂಡಿ ಇಟ್ಕೊಂಡ ಹೆಸರು ಅದು.

ಮಂಡಕ್ಕಿ ಮಿರ್ಚಿ, ಗದಗ

ನಾ ಸ್ವಲ್ಪ ಉಲ್ಟಾ ಹೇಳ್ತೇನಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಎರಡು ಓದೇನಿ, ಮೂರನೇದಕ್ಕ ಕೈ ಮುಗದ್ನಿ. ಹೆಣ ಬಿದ್ದೈತಿ, ಕೊಲೆಗಡುಕ ಕತ್ತಲದಾಗ ನಿಂತಾನ, ಇಕಿ ನೋಡಿದ್ರ ಎಸ್ಪ್ರೆಸೊ ಕಾಫಿ ಮ್ಯಾಲಿನ ನೊರಿ ಯಾವ ಬಣ್ಣ ಇರಬೇಕು ಅಂತ ಒಂದ್ ಪುಟ ಹೇಳ್ತಾಳ. ನಾವು ಸಣ್ಣಾವ್ರಿದ್ದಾಗ ಬಾಡಿಗಿ ಲೈಬ್ರರಿ ಪತ್ತೇದಾರಿ ಕಾದಂಬರಿ ಒಂದ್ ರಾತ್ರ್ಯಾಗ ಮುಗೀತಿದ್ವು, ಅದರಾಗ ಪತ್ತೇದಾರ ಚಾ ಕುಡದ್ರೂ ನಿಂತ ಕುಡೀತಿದ್ದ.

ಮತ್ತ ಪುಸ್ತಕ ಈಗ 20 ದಾಟ್ಯಾವ ಅಂತ. ಒಂದ ಅಂಗಡಿ ಸುತ್ತ ಅಷ್ಟ್ ಹೆಣ! ನಮ್ಮ ಬೆಟಗೇರಿಯಾಗ ಒಂದ್ ಖಾನಾವಳಿ ಮುಂದ ಎರಡ್ ಸಲ ಪೊಲೀಸ್ ಜೀಪ್ ನಿಂತ್ರ ಮೂರನೇ ದಿನ ರೊಟ್ಟಿ ಬಡ್ಯಾಕೂ ಯಾರೂ ಬರೂದಿಲ್ಲ, ಇಲ್ಲಿ ಗಿರಾಕಿ ಕ್ಯೂ ಹಚ್ಚಿರ್ತಾರ.

ಏಲಕ್ಕಿ ಹಾರ, ಹಾವೇರಿ

ಅಣ್ಣಾರ ಹೇಳೂದು ಖರೆ, ನಕ್ಕು ನಕ್ಕು ಸಾಕಾತು. ಆದ್ರ ಕಾಫಿ ಪಾಠ ಎಲ್ಲಾ ಕಡೆ ಸುಮ್ನ ತುರುಕಿದ್ದಲ್ರಿ, ಐದನೇ ಪುಸ್ತಕ ಡಿಕೆಫಿನೇಟೆಡ್ ಕಾರ್ಪ್ಸ್ ನೋಡ್ರಿ. ನಮ್ಮ ಮನೆಯವರ ಅಕ್ಕನ ಮನಿ ಬಾಳೆಹೊನ್ನೂರ ಕಡೆ, ತೋಟದಾಗ ನಾನೂ ಎರಡು ಕೊಯ್ಲಿಗೆ ಇದ್ದು ಬಂದೀನಿ, ಅದಕ್ಕ ಈ ಪುಸ್ತಕ ನನಗ ಬ್ಯಾರೇನ ಹಿಡಿಸ್ತು. ಮ್ಯಾಟಿಯೋನ ಹಳೇ ಗೆಳೆಯ ಒಬ್ಬಂವ ಹುಟ್ಟಾ ಕೆಫೀನ್ (ನಿದ್ದಿ ಓಡಿಸೋ ಅಂಶ) ಇಲ್ಲದ ಕಾಫಿ ಗಿಡ ಬೆಳಸೀನಿ ಅಂತ ಬರ್ತಾನ, ಅದರ ಬೆನ್ನ ಹಿಂದೇನ ಗದ್ದಲ ಶುರು. ಗಿಡಕ್ಕ ಯಾಕಷ್ಟು ಬಡಿದಾಟ ಅಂದ್ರ, ಈಗ ಡಿಕಾಫ್, ಅಂದ್ರ ಕೆಫೀನ್ ತಗದ ಕಾಫಿ, ಮಾಡಬೇಕಂದ್ರ ಹಸಿ ಬೀಜಾನ ನೀರಾಗೋ ಕೆಮಿಕಲ್ಲಿನಾಗೋ ನೆನೆಹಾಕಿ ಕೆಫೀನ್ ತಗೀಬೇಕು, ಅದರ ಜೋಡಿ ರುಚಿನೂ ಒಂದಿಷ್ಟು ತೊಳದು ಹೋಗ್ತೈತಿ, ಗಿಡದಾಗೇ ಇಲ್ಲಂದ್ರ ಆ ಖರ್ಚೂ ಉಳೀತು ರುಚಿನೂ ಉಳೀತು, ಅಂಥ ಗಿಡ ಕೈಯಾಗಿದ್ದಂವ ಕುಬೇರ. ಇದು ಪೂರಾ ಬುರುಡಿ ಅಂತ ತಿಳ್ಕೋಬ್ಯಾಡ್ರಿ, ಇಥಿಯೋಪಿಯಾ ಮೂಲದ ಅರಾಬಿಕಾ ಜಾತಿ ಕಾಫಿ ಗಿಡದಾಗ ಕೆಫೀನ್ ಇಲ್ಲೇ ಇಲ್ಲ ಅನ್ನೂವಷ್ಟು ಕಡಿಮಿ ಇದ್ದಾವು ಸಿಕ್ಕಾವ ಅಂತ ಬ್ರೆಜಿಲ್ ವಿಜ್ಞಾನಿಗಳು 2004ರಾಗ ನೇಚರ್ ಪತ್ರಿಕೆಯಾಗ ಬರದಿದ್ರು, ಪುಸ್ತಕ ಬಂದಿದ್ದು 2007ಕ್ಕ. ಕೆಫೀನ್ ಅಂದ್ರ ಗಿಡ ಹುಳಕ್ಕ ಇಟ್ಟ ವಿಷನ ಅಲ್ಲೇನ್ರಿ, ಪತ್ತೇದಾರಿ ಕಥಿಗೆ ಇದಕ್ಕಿಂತ ಛಲೋ ಸಾಮಾನು ಎಲ್ಲಿ ಸಿಗಬೇಕು.

ನನ್ನ ತಕರಾರು ಬ್ಯಾರೆ. ಪುಸ್ತಕದಾಗಿನವ್ರಿಗೆ ಅರಾಬಿಕಾ ಅಂದ್ರ ದೇವರು, ರೊಬಸ್ಟಾ ಅನ್ನೋ ಇನ್ನೊಂದು ಜಾತಿ ಅಂದ್ರ ಮೂಗು ಮುರೀತಾರ. ನಮ್ಮ ಫಿಲ್ಟರ್ ಕಾಫಿಯಾಗ ರೊಬಸ್ಟಾ ಇಲ್ದ, ಒಂಚೂರು ಚಿಕೋರಿ ಇಲ್ದ ಡಿಕಾಕ್ಷನ್ ಹಾಲಿನ್ಯಾಗ ಮುಳುಗೇ ಹೋಗ್ತೈತಿ. ಕ್ಲೇರಕ್ಕನ್ನ ಒಮ್ಮೆ ಬಾಳೆಹೊನ್ನೂರಿಗೆ ಕರಕೊಂಡ್ ಬಂದು ಸ್ಟೀಲ್ ಲೋಟದಾಗ ಕೊಡಬೇಕು ಅನಸ್ತೈತಿ.

ಪುಸ್ತಕದ ಹಿಂದ ರೆಸಿಪಿನೂ ಇರ್ತಾವ. ನಮ್ಮ ಮನ್ಯಾಗ ಓವನ್ ಇಲ್ಲ, ಕುಕ್ಕರ್ ಸೀಟಿ ತಗದು ತಳಕ್ಕ ಉಪ್ಪು ಹಾಕಿ ಒಂದು ಕೇಕ್ ಮಾಡಿದ್ನಿ. ಮ್ಯಾಲೆ ಹಸಿ, ಕೆಳಗ ಕರಕು. ಮಕ್ಕಳು ನಡುವಿಂದ ತಿಂದ್ರು.

ಮಂಡಕ್ಕಿ ಮಿರ್ಚಿ, ಗದಗ

ಆತ್ ಬಿಡ್ರಿ, ಐದನೇದು ಒಂದ್ ನೋಡ್ತೇನಿ. ಗಿಡದ ಸಲುವಾಗಿ ಕೊಲಿ ಅಂದ್ರ ನಂಬಬಹುದು, ನಮ್ಮ ಕಡೆ ಬದುವಿನ ಸಲುವಾಗೇ ಆಗ್ತಾವ. ಆದ್ರ ಒಂದ್ ಮಾತು, ಇಂಥಾದ್ದು ನಮ್ಮ ಊರಾಗ ಯಾರೂ ಯಾಕ ಬರೀವಲ್ರು? ದುರ್ಗದಬೈಲ್ದಾಗ ಒಂದ್ ಚಾದಂಗಡಿ ಇಟ್ಟು ಬರೀರಿ, ಯಾರು ಉದ್ರಿ ಇಟ್ಟಾರ, ಯಾರ ಜೋಡಿ ಯಾರು ಮಾತ್ ಬಿಟ್ಟಾರ, ಯಾರು ದಿನಾ ಅರ್ಧ ಚಾ ಕುಡಿಯಾಂವ ಇವತ್ತ ಫುಲ್ ಹೇಳಿದ, ಇಷ್ಟೂ ಚಾದವಗ ಪೊಲೀಸರಕಿಂತ ಮೊದಲ ಗೊತ್ತಿರ್ತೈತಿ.

ಕೆರಿ ದಂಡಿ ಅಕ್ಕ, ಧಾರವಾಡ

ಹೌದಲ್ಲೋ ತಮ್ಮಾ, ಕ್ಲೇರ್ ಮಾಡೋದೂ ಅದನ್ನ, ಗಿರಾಕಿ ಏನು ಕುಡೀತಾರ ಅನ್ನೋದ್ರ ಮ್ಯಾಲೆ ಮನಷಾರನ್ನ ಓದ್ತಾಳ. ನೀ ಪುಟ ಹಾರಿಸಿದಿ, ಅಲ್ಲೇ ಇತ್ತು ಅದು. 😄

ಚಿಗರಿ ಬಸ್ ಓದುಗ, ಹುಬ್ಬಳ್ಳಿ

ಎಲ್ಲಾರಿಗೂ ಥ್ಯಾಂಕ್ಸ್ ರಿ. ಒಂದನೇದು ಸೆಕೆಂಡ್ ಹ್ಯಾಂಡ್ ಆರ್ಡರ್ ಮಾಡೀನಿ, ಬರೂತನಕ ಲಾಟೆ ಟ್ರಬಲ್ ಗದಗಿನ ಅಣ್ಣಾರಿಗೆ ಬೇಕಂದ್ರ ಕಳಸ್ತೀನಿ, ನೊರಿ ಬಗ್ಗೆ ಇರೋ ಪುಟಕ್ಕ ಮೂಲಿ ಮಡಚಿ ಇಟ್ಟೀನಿ, ಹಾರಿಸಾಕ ಹಗುರ ಆಗ್ತೈತಿ. ಹಾವೇರಿ ಅಕ್ಕಾರ, ಕುಕ್ಕರಿಗೆ ಎಷ್ಟ್ ಉಪ್ಪು ಹಾಕಿದ್ರಿ?