ರಕ್ತ ‘ಹೊಂದುವುದೋ’ ‘ಒಗ್ಗುವುದೋ’?

ಎಲ್ಲರಿಗೂ ನಮಸ್ಕಾರ.

ಬಸುರಿಯರಿಗೆ ಹಂಚಲು ರಕ್ತದ ಗುಂಪಿನ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಯಾರಿಗೆ ಯಾವ ರಕ್ತ ಕೊಡಬಹುದು ಅನ್ನುವುದಕ್ಕೆ ‘ಹೊಂದಾಣಿಕೆ’ ಅಂತ ಬರೆಯುವುದು ರೂಢಿ. ಆ ಪದ ಇಲ್ಲಿ ದಾರಿ ತಪ್ಪಿಸುತ್ತದೆ ಅನ್ನಿಸುತ್ತಿದೆ.

ಹೊಂದಾಣಿಕೆ ಅಂದ ಕೂಡಲೇ ನೆನಪಾಗುವುದು ಗಂಡು ಹೆಣ್ಣಿನ ಜಾತಕ, ಅಲ್ವಾ? ‘ನಮ್ಮಿಬ್ಬರದೂ ಒಂದೇ ಗುಂಪು, ಮಕ್ಕಳಿಗೆ ತೊಂದರೆ ಆಗುತ್ತಾ’ ಅಂತ ದಂಪತಿಗಳು ಈಗಲೂ ಹೆದರಿ ಕೇಳುತ್ತಾರೆ. ಒಂದೇ ಗುಂಪು ಅನ್ನುವ ಕಾರಣಕ್ಕೆ ಏನೂ ಆಗುವುದಿಲ್ಲ. ನೋಡಬೇಕಾದದ್ದು ತಾಯಿ ಆರ್‌ಎಚ್ (ಗುಂಪಿನ ಹೆಸರಿನ ಜೊತೆ ಬರುವ ಪಾಸಿಟಿವ್, ನೆಗೆಟಿವ್ ಗುರುತು) ನೆಗೆಟಿವ್ ಇದ್ದು ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆದಾಗ.

ಇನ್ನೊಂದು ತೊಡಕು. ಹೊಂದುವುದು ಎರಡೂ ಕಡೆಯ ಮಾತು, ಅವನಿಗೆ ಅವಳು ಹೊಂದಿದರೆ ಅವಳಿಗೆ ಅವನೂ ಹೊಂದಿದ ಹಾಗೆ. ರಕ್ತದಲ್ಲಿ ಹಾಗಿಲ್ಲ. ಓ ಗುಂಪಿನ ಕೆಂಪು ಕಣಗಳನ್ನು ಎ ಗುಂಪಿನವರಿಗೆ ಕೊಡಬಹುದು. ಎ ಗುಂಪಿನದನ್ನು ಓ ಗುಂಪಿನವರಿಗೆ ಕೊಟ್ಟರೆ ಜೀವಕ್ಕೇ ಅಪಾಯ, ಯಾಕೆಂದರೆ ಅವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ತಿಳಿ ದ್ರವದಲ್ಲಿ, ಎ, ಬಿ ಎರಡರ ಮೇಲೂ ಎರಗುವ ಆಂಟಿಬಾಡಿಗಳು ಮೊದಲೇ ಇರುತ್ತವೆ. ಬರೀ ಪ್ಲಾಸ್ಮಾ ಕೊಡುವಾಗ ಈ ಲೆಕ್ಕ ಪೂರ್ತಿ ತಿರುಗುಮುರುಗು.

ಅದಕ್ಕೇ ‘ಒಗ್ಗು’ ಹೊಳೆಯಿತು. ‘ನನಗೆ ಹಾಲು ಒಗ್ಗಲ್ಲ’ ಅಂತೀವಲ್ಲ, ಹಾಗೆ. ‘ಎ ಗುಂಪಿನವರಿಗೆ ಓ ರಕ್ತ ಒಗ್ಗುತ್ತದೆ, ಓ ಗುಂಪಿನವರಿಗೆ ಎ ರಕ್ತ ಒಗ್ಗುವುದಿಲ್ಲ.’ ಪಡೆಯುವವರು ಯಾರು ಅನ್ನುವುದು ಆ ‘ಗೆ’ ಪ್ರತ್ಯಯದಲ್ಲೇ ಬಂದುಬಿಡುತ್ತದೆ. ಗುಂಪು ಒಂದೇ ಆದರೂ ಕೊಡುವ ಮೊದಲು ಇಬ್ಬರ ರಕ್ತ ಬೆರೆಸಿ ಕ್ರಾಸ್‌ಮ್ಯಾಚ್ ಪರೀಕ್ಷೆ ಮಾಡುತ್ತಾರಲ್ಲ, ಅದನ್ನೂ ‘ಒಗ್ಗುತ್ತದೆಯೇ ನೋಡುವುದು’ ಅಂದರೆ ಸಾಕು. ಮುಂಬೈಯಲ್ಲಿ ವೈ. ಎಂ. ಭೇಂಡೆ ಮತ್ತು ಜೊತೆಯವರು 1952ರಲ್ಲಿ ಗುರುತಿಸಿದ ಬಾಂಬೆ ಗುಂಪಿದೆಯಲ್ಲ, ಅದು ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ಕಾಣಬಹುದು, ಆದರೆ ಆ ಗುಂಪಿನವರಿಗೆ ಓ ರಕ್ತವೂ ಒಗ್ಗುವುದಿಲ್ಲ.

ನನ್ನ ಅನುಮಾನ ಇರುವುದು ಬಸುರಿನ ಪುಟದಲ್ಲಿ. ಒಗ್ಗು ಅಂದರೆ ರೂಢಿಯಾಗು ಅಂತಲೂ ಅರ್ಥ. ಹೊಸ ಊರಿನ ನೀರು ಮೊದಮೊದಲು ಒಗ್ಗದಿದ್ದರೂ ಆಮೇಲೆ ಒಗ್ಗಿಹೋಗುತ್ತದೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ನಡೆಯುವುದು ಅದರ ಉಲ್ಟಾ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೆರಿಗೆ ಹೊತ್ತಿನಲ್ಲಿ ಮಗುವಿನ ಸ್ವಲ್ಪ ರಕ್ತ ತಾಯಿಯ ಮೈಗೆ ಸೇರಿ, ಅದರ ವಿರುದ್ಧ ಆಂಟಿಬಾಡಿ ಹುಟ್ಟಿಕೊಳ್ಳಬಹುದು. ಮುಂದಿನ ಮಗುವೂ ಪಾಸಿಟಿವ್ ಆದರೆ ಅವು ಮಾಸು ದಾಟಿ ಹೋಗಿ ಅದರ ಕೆಂಪು ಕಣಗಳನ್ನು ಒಡೆಯುತ್ತವೆ. ಇದನ್ನು ತಡೆಯುವುದಕ್ಕೇ 28ನೇ ವಾರದ ಹೊತ್ತಿಗೆ ಒಮ್ಮೆ, ಮಗು ಪಾಸಿಟಿವ್ ಅಂತ ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು. ಗರ್ಭಪಾತವಾದರೂ ಬೇಕಾಗಬಹುದು. ‘ಮೊದಲನೇದು ಸರಾಗವಾಯಿತು, ಮೈಗೆ ಒಗ್ಗಿದೆ’ ಅಂದುಕೊಂಡು ಯಾರಾದರೂ ಇಂಜೆಕ್ಷನ್ ಬಿಟ್ಟುಬಿಟ್ಟರೆ? ನನಗೆ ಆ ಭಯವೇ ಜಾಸ್ತಿ.

‘ಆಗಿಬರು’ ಯೋಚಿಸಿದೆ. ‘ಆ ಮನೆ ನಮಗೆ ಆಗಿಬರಲಿಲ್ಲ’ ಅನ್ನುವ ಮಾತಿನಿಂದ ಅದಕ್ಕೆ ಅದೃಷ್ಟದ ವಾಸನೆ ಅಂಟಿದೆ. ‘ಸಲ್ಲು’ ಚೆನ್ನಾಗಿದೆ, ಆದರೆ ಓದಿದವರ ಪದ.

ಸದ್ಯಕ್ಕೆ ರಕ್ತ ಕೊಡುವ ಪುಟದಲ್ಲಿ ‘ಒಗ್ಗು’ ಇಟ್ಟುಕೊಂಡು, ಬಸುರಿನ ಪುಟದಲ್ಲಿ ಪದವೇ ಇಲ್ಲದೆ ಆಗುವುದನ್ನು ಬಿಡಿಸಿ ಹೇಳೋಣ ಅಂದುಕೊಂಡಿದ್ದೇನೆ. ನಿಮ್ಮ ಕಡೆ ‘ಒಗ್ಗಲ್ಲ’ ಅಂದರೆ ಜನ ಏನು ತಿಳಿಯುತ್ತಾರೆ? ಕರಾವಳಿ, ಕಲಬುರಗಿ, ಧಾರವಾಡದ ಕಡೆಯವರು ದಯವಿಟ್ಟು ಹೇಳಿ. ಬಾಣಂತನ ನೋಡಿಕೊಂಡ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕೇಳಿ.