ಕುನ್ ಪೋಕರ್ ಬಾಟ್: ತರಬೇತಿಯಲ್ಲಿ ಎಲ್ಲಾ ಸರಿ, ಕಾಕಾನ ಎದುರು ಮಾತ್ರ ಸೋಲು. ತಪ್ಪು ಎಲ್ಲಿದೆ?

ಹುಣಸೆಬೀಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಕೊನೆಯ ವರ್ಷ. ಪೈಥಾನ್‌ನಲ್ಲಿ ಒಂದು ಪೋಕರ್ ಬಾಟ್, ಅಂದರೆ ತಾನೇ ಪೋಕರ್ ಆಡುವ ಪ್ರೋಗ್ರಾಂ, ಬರೆದಿದ್ದೇನೆ. ದೊಡ್ಡ ಪೋಕರ್ ಅಲ್ಲ, ಕುನ್ ಪೋಕರ್. ಗೊತ್ತಿಲ್ಲದವರಿಗೆ ಹೇಳ್ತೀನಿ: ಮೂರೇ ಎಲೆ. ಗುಲಾಮ, ರಾಣಿ, ರಾಜ. ರಾಜ ಎಲ್ಲಕ್ಕಿಂತ ದೊಡ್ಡದು, ಗುಲಾಮ ಸಣ್ಣದು. ಇಬ್ಬರಿಗೆ ಒಂದೊಂದು ಎಲೆ, ಮೂರನೆಯದು ಮುಚ್ಚಿಡೋದು. ಇಬ್ಬರೂ ಮೊದಲೇ ಒಂದೊಂದು ಕಾಳು ಹಾಕಬೇಕು. ಆಮೇಲೆ ಚೆಕ್ (ಏನೂ ಕಟ್ಟಲ್ಲ) ಅನ್ನಬಹುದು, ಇಲ್ಲಾ ಇನ್ನೊಂದು ಕಾಳು ಬೆಟ್ ಕಟ್ಟಬಹುದು. ಬೆಟ್ ಬಂದರೆ ಕಾಲ್ ಮಾಡಬೇಕು (ಅಷ್ಟೇ ಕಾಳು ತಾನೂ ಹಾಕಬೇಕು), ಇಲ್ಲಾ ಎಲೆ ಬಿಡಬೇಕು. ಅಷ್ಟೇ ಆಟ. ಕಾಳು ಅಂದರೆ ಸ್ಕ್ರೀನ್ ಮೇಲಿನ ತೊಗರಿ ಕಾಳು, ದುಡ್ಡಲ್ಲ.

ಬಾಟ್ ಕಲಿಯೋದು ಸಿಎಫ್‌ಆರ್ (ಕೌಂಟರ್‌ಫ್ಯಾಕ್ಚುಯಲ್ ರಿಗ್ರೆಟ್ ಮಿನಿಮೈಸೇಶನ್) ವಿಧಾನದಿಂದ. ತನ್ನ ಜೊತೆ ತಾನೇ ಆಡುತ್ತೆ. ಪ್ರತಿ ಜಾಗದಲ್ಲೂ "ಇಲ್ಲಿ ಬೇರೆ ಥರ ಆಡಿದ್ದರೆ ಎಷ್ಟು ಜಾಸ್ತಿ ಸಿಗ್ತಿತ್ತು" ಅಂತ ಲೆಕ್ಕ ಇಟ್ಟುಕೊಂಡು, ಆ ಕಡೆ ವಾಲುತ್ತೆ. 1 ಲಕ್ಷ ಸಲ ಓಡಿಸಿದೆ. ಇಲ್ಲಿ ಹಗಲು ಲ್ಯಾಪ್‌ಟಾಪ್ ರೊಟ್ಟಿ ಹಂಚಿನ ಹಾಗೆ ಕಾಯುತ್ತೆ, ಅದಕ್ಕೆ ರಾತ್ರಿ ಕೂಲರ್ ಮುಂದೆ ಇಟ್ಟು ಓಡಿಸಿದ್ದು.

ಮನೆ ವೈಫೈನಲ್ಲಿ ಆಡೋಕೆ ಫ್ಲಾಸ್ಕ್‌ನಿಂದ (ಪೈಥಾನ್‌ನ ವೆಬ್ ಸಾಧನ) ಒಂದು ಪೇಜ್ ಮಾಡಿದ್ದೇನೆ. ನಮ್ಮ ಕಾಕಾ ಪಡಸಾಲೆಯಲ್ಲಿ ಕೂತು ಮೊಬೈಲ್‌ನಲ್ಲಿ ಆಡ್ತಾರೆ. 60 ಆಟದಲ್ಲಿ 31 ಕಾಳು ಗೆದ್ದರು. "ನಿನ್ನ ಮಷಿನ್‌ಗೆ ಎಲೆ ಗುರುತೇ ಸಿಗಲ್ಲ ಅಲ್ವೇನೋ" ಅಂದರು. ತರಬೇತಿಯಲ್ಲಿ ಮೊದಲ ಆಟಗಾರನ ಸರಾಸರಿ ಮಾತ್ರ ಒಳ್ಳೇ ಸ್ಥಿರವಾಗಿ 0.0000 ಬರ್ತಿದೆ. ಇಬ್ಬರೂ ಸಮ ಅಂದರೆ ಸರಿನೇ ಅಲ್ವಾ? ಹಾಗಾದರೆ ಸೋಲು ಯಾಕೆ?

ಬಿದರಿಕಪ್ಪು, ಬೀದರ್

ಆ 0.0000 ನೋಡಿದ ಕೂಡಲೇ ಅನುಮಾನ ಬಂತು ತಮ್ಮಾ. ಕುನ್ ಪೋಕರ್‌ನಲ್ಲಿ ಇಬ್ಬರೂ ಸಮ ಅಲ್ಲ. ಮೊದಲು ಆಡುವವನಿಗೆ ನಷ್ಟ, ಏಕೆಂದರೆ ಎರಡನೆಯವನು ಅವನ ನಡೆ ನೋಡಿ ಆಡ್ತಾನೆ. ಇಬ್ಬರೂ ಸರಿಯಾಗಿ ಆಡಿದರೆ ಆಟಕ್ಕೆ −1/18, ಅಂದರೆ −0.0556 ಬರಬೇಕು. ಹೆರಾಲ್ಡ್ ಕುನ್ 1950ರಲ್ಲೇ ಇದನ್ನು ಲೆಕ್ಕ ಹಾಕಿ ಇಟ್ಟಿದ್ದಾರೆ.

ಎರಡು ಕೆಲಸ ಮಾಡಿ. ಒಂದು, ಬಾಟ್ ಕಲಿತದ್ದನ್ನು ಇಡುವ ನಿಮ್ಮ ಡಿಕ್ಷನರಿಯಲ್ಲಿ ಎಷ್ಟು ಕೀ (ಒಂದೊಂದು ಸಂದರ್ಭದ ಹೆಸರು) ಇವೆ ಎಣಿಸಿ. ಎರಡು, ಕಾಕಾ ಆಡಿದ ಆಟದ ಲಾಗ್‌ನಿಂದ ನಾಲ್ಕು ಸಾಲು ಹಾಕಿ.

ಹುಣಸೆಬೀಜ

ಕೀ 24 ಇವೆ ಅಣ್ಣಾ. ಲಾಗ್ ಇಲ್ಲಿದೆ. ಇದನ್ನು ಈಗ ತೆಗೆದು ನೋಡಿದಾಗ ನನಗೇ ತಲೆ ತಿರುಗಿತು:

ಆಟ 16: ಬಾಟ್‌ಗೆ ಗುಲಾಮ. ಕಾಕಾ ಬೆಟ್. ಬಾಟ್ ಕಾಲ್.
ಆಟ 17: ಬಾಟ್‌ಗೆ ರಾಜ. ಕಾಕಾ ಬೆಟ್. ಬಾಟ್ ಎಲೆ ಬಿಟ್ಟಿತು.
ಆಟ 18: ಬಾಟ್‌ಗೆ ರಾಣಿ. ಕಾಕಾ ಚೆಕ್. ಬಾಟ್ ಬೆಟ್.
ಆಟ 19: ಬಾಟ್‌ಗೆ ಗುಲಾಮ. ಕಾಕಾ ಬೆಟ್. ಬಾಟ್ ಕಾಲ್.

ರಾಜ ಕೈಯಲ್ಲಿ ಇಟ್ಕೊಂಡು ಯಾರಾದ್ರೂ ಎಲೆ ಬಿಡ್ತಾರಾ?

ಬಿದರಿಕಪ್ಪು

24 ಅಂದ ಮೇಲೆ ಸಿಕ್ಕಿತು. ಬರಬೇಕಾದ್ದು 12. ಎಣಿಸಿ ನೋಡಿ: ಮೂರು ಎಲೆ. ಪ್ರತಿ ಎಲೆಗೂ ನಾಲ್ಕು ಸಂದರ್ಭ: ಆಟ ಶುರು, ಎದುರಿನವನು ಚೆಕ್ ಅಂದಾಗ, ಎದುರಿನವನು ಬೆಟ್ ಕಟ್ಟಿದಾಗ, ನಾನು ಚೆಕ್ ಅಂದ ಮೇಲೆ ಅವನು ಬೆಟ್ ಕಟ್ಟಿದಾಗ. 3 ಗುಣಿಲೆ 4, 12.

ನೀವು ಕೀ ಮಾಡುವಾಗ ಇಬ್ಬರ ಎಲೆಯನ್ನೂ ಸೇರಿಸಿದ್ದೀರಿ. ಎಲೆ ಹಂಚುವ ರೀತಿ 6, ಸಂದರ್ಭ 4, ಒಟ್ಟು 24. ಅಂದರೆ ತರಬೇತಿಯಲ್ಲಿ ನಿಮ್ಮ ಬಾಟ್ ಎದುರಿನವನ ಎಲೆ ಇಣುಕಿ ನೋಡ್ತಾ ಕಲಿತಿದೆ. ಇಬ್ಬರಿಗೂ ಎಲ್ಲಾ ಕಾಣಿಸಿದರೆ ದೊಡ್ಡ ಎಲೆಯವನು ಒಂದು ಕಾಳು ಗೆಲ್ತಾನೆ, ಸಣ್ಣ ಎಲೆಯವನು ಒಂದು ಕಳ್ಕೊಳ್ತಾನೆ. ಬ್ಲಫ್, ಅಂದರೆ ಸಣ್ಣ ಎಲೆ ಇಟ್ಕೊಂಡು ಬೆಟ್ ಕಟ್ಟಿ ಹೆದರಿಸೋದು, ಇರೋದೇ ಇಲ್ಲ. ಸರಾಸರಿ ಸೊನ್ನೆ. ನಿಮ್ಮ 0.0000 ಅದೇ.

ಸರಿ, ಹಾಗಿದ್ದರೆ ಕಾಕಾನ ಎದುರು ಇಣುಕಿ ಗೆಲ್ಲಬೇಕಿತ್ತಲ್ಲ ಅಂತೀರಿ. ಪೇಜ್‌ನ ಕೋಡ್‌ನಲ್ಲಿ ಬಾಟ್‌ಗೆ ತನ್ನ ಎಲೆ ಮಾತ್ರ ಕೊಟ್ಟಿದ್ದೀರಿ ಅನ್ಸುತ್ತೆ. ಅಂಥ ಕೀ ಡಿಕ್ಷನರಿಯಲ್ಲಿ ಇಲ್ಲ. ಇಲ್ಲದಿದ್ದಾಗ ಏನು ಕೊಡು ಅಂತ ಬರೆದಿದ್ದೀರಿ?

ಹುಣಸೆಬೀಜ

ಅಯ್ಯೋ. "ಕೀ ಸಿಗದಿದ್ದರೆ 0.5, 0.5" ಅಂತ ಬರೆದಿದ್ದೇನೆ. ಪೇಜ್ ಕ್ರ್ಯಾಶ್ ಆಗದಿರಲಿ ಅಂತ ಸುಮ್ನೆ ಹಾಕಿದ್ದು.

ಬಿದರಿಕಪ್ಪು

ಅಂದರೆ ಕಾಕಾ 60 ಆಟವೂ ನಾಣ್ಯ ಚಿಮ್ಮುವ ಬಾಟ್ ಜೊತೆ ಆಡಿದ್ದಾರೆ. ಕಲಿತ ಬಾಟ್ ಒಂದು ಸಲವೂ ಕೂತೇ ಇಲ್ಲ. ಆ ಡೀಫಾಲ್ಟ್ ಮೊದಲು ತೆಗೀರಿ. ಎರರ್ ಬಂದರೆ ಬರಲಿ, ಬಂದ ದಿನವೇ ಗೊತ್ತಾಗ್ತಿತ್ತು. ಕೀಗೆ ತನ್ನ ಎಲೆ ಮತ್ತು ಇಲ್ಲಿವರೆಗಿನ ನಡೆಗಳು, ಇಷ್ಟೇ ಸಾಕು.

ಹುಣಸೆಬೀಜ

ಸರಿಪಡಿಸಿದೆ. ಕೀ 12. ಸರಾಸರಿ −0.0557 ಬಂತು! ಆದರೆ ಇನ್ನೂ ಏನೋ ಎಡವಟ್ಟಿದೆ. ಎರಡನೇ ಆಟಗಾರನ ಕೈಲಿ ಗುಲಾಮ ಇದ್ದು, ಮೊದಲನೆಯವನು ಚೆಕ್ ಅಂದಾಗ, ಒಂದು ರನ್‌ನಲ್ಲಿ 0.04 ಬ್ಲಫ್ ಮಾಡುತ್ತೆ, ಇನ್ನೊಂದರಲ್ಲಿ 0.71. ಮೊದಲ ಆಟಗಾರನ ಗುಲಾಮದ್ದೂ ಪ್ರತಿ ಸಲ ಬೇರೆ ಬೇರೆ.

ತಿಂಥಣಿಸೇತುವೆ, ಯಾದಗಿರಿ

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನಾನೂ ಇದೇ ಗುಂಡಿಗೆ ಬಿದ್ದವನು. ನೀವು ಕೊನೇ ಸುತ್ತಿನ ತಂತ್ರ ಪ್ರಿಂಟ್ ಮಾಡ್ತಿದ್ದೀರಿ. ಸಿಎಫ್‌ಆರ್‌ನಲ್ಲಿ ಸಮತೋಲನಕ್ಕೆ (ಇಬ್ಬರಿಗೂ ಬದಲಿಸಿ ಲಾಭ ಇಲ್ಲದ ಸ್ಥಿತಿಗೆ) ಬರೋದು ಎಲ್ಲಾ ಸುತ್ತುಗಳ ಸರಾಸರಿ ತಂತ್ರ. ಕೊನೇ ಸುತ್ತಿನದು ಅತ್ತ ಇತ್ತ ತೂಗ್ತಾನೇ ಇರುತ್ತೆ. −0.0557 ಕೂಡ ಸುತ್ತುಗಳ ಸರಾಸರಿ, ಅದಕ್ಕೇ ಅದು ಸರಿ ಬಂದು ನಿಮ್ಮನ್ನು ಮೋಸಗೊಳಿಸಿತು. ಪ್ರತಿ ಸುತ್ತಿನ ತಂತ್ರವನ್ನು, ಆ ಜಾಗಕ್ಕೆ ನೀವೇ ತಲುಪುವ ಸಂಭವನೀಯತೆಯಿಂದ ಗುಣಿಸಿ ಕೂಡಿಸಿಡಿ. ಎದುರಿನವನ ಸಂಭವನೀಯತೆಯಿಂದ ಗುಣಿಸೋದು ರಿಗ್ರೆಟ್‌ಗೆ, ಅಂದರೆ "ಬೇರೆ ಥರ ಆಡಿದ್ದರೆ" ಅನ್ನೋ ಆ ಲೆಕ್ಕಕ್ಕೆ. ಇವೆರಡು ಅದಲು ಬದಲಾದರೆ ವಾರಗಟ್ಟಲೆ ಹುಡುಕಬೇಕಾಗುತ್ತೆ, ಅನುಭವದ ಮಾತು.

ಬಿದರಿಕಪ್ಪು

ಸರಿಯಾಗಿ ಹೇಳಿದರು. ಎರಡನೆಯವನ ಗುಲಾಮ 1/3ಕ್ಕೆ ಬಂದು ನಿಲ್ಲಬೇಕು. ಬೆಟ್ ಬಂದಾಗ ಅವನ ರಾಣಿಯೂ 1/3 ಸಲ ಕಾಲ್ ಮಾಡಬೇಕು.

ಮೊದಲನೆಯವನದು ಬೇರೆ ಬೇರೆ ಬಂದರೆ ಗಾಬರಿ ಆಗಬೇಡಿ, ಅದು ತಪ್ಪಲ್ಲ. ಅವನು ಗುಲಾಮದಿಂದ 0ಯಿಂದ 1/3ರ ನಡುವೆ ಎಷ್ಟು ಸಲ ಬೇಕಾದರೂ ಬ್ಲಫ್ ಮಾಡಬಹುದು. ನೋಡಬೇಕಾದ್ದು ಹೊಂದಿಕೆ: ರಾಜದಿಂದ ಬೆಟ್ ಕಟ್ಟೋದು ಅದರ ಮೂರು ಪಟ್ಟು ಇರಬೇಕು. ಚೆಕ್ ಅಂದ ಮೇಲೆ ಬೆಟ್ ಬಂದರೆ ರಾಣಿಯಿಂದ ಕಾಲ್ ಮಾಡೋದು ಗುಲಾಮದ ಸಂಖ್ಯೆಗೆ 1/3 ಸೇರಿಸಿದಷ್ಟು.

ಹುಣಸೆಬೀಜ

ಗುಲಾಮ 0.21, ರಾಜ 0.63, ರಾಣಿ 0.54. ಎರಡನೆಯವನ ಗುಲಾಮ 0.33. ಕೂತಿತು!

ನಿನ್ನೆ ರಾತ್ರಿ ಕಾಕಾ ಮತ್ತೆ 50 ಆಟ ಆಡಿದರು. ಮೊದಲು ಆಡೋದು ಒಂದು ಸಲ ಅವರು, ಒಂದು ಸಲ ಬಾಟ್. ಅವರೇ 7 ಕಾಳು ಮುಂದೆ. ಇನ್ನೂ ತಪ್ಪಿದೆಯಾ? ಮತ್ತೆ ಕಾಕಾ ಗುಲಾಮ ಇದ್ದರೆ ಯಾವತ್ತೂ ಬ್ಲಫ್ ಮಾಡಲ್ಲ. ಬಾಟ್ ಅದನ್ನು ಹಿಡೀಬೇಕಲ್ವಾ?

ಬಿದರಿಕಪ್ಪು

50 ಆಟದಲ್ಲಿ 7 ಕಾಳು ಏನೂ ಅಲ್ಲ. ಇಬ್ಬರೂ ಚೆನ್ನಾಗಿ ಆಡಿದರೂ 100 ಆಟಕ್ಕೆ ಸುಮಾರು 12 ಕಾಳು ಅತ್ತ ಇತ್ತ ಆಗೋದು ಮಾಮೂಲಿ. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರೇಟಸ್ ಅನ್ನೋ ಬಾಟ್ ನಾಲ್ಕು ವೃತ್ತಿಪರ ಆಟಗಾರರನ್ನು ಸೋಲಿಸಿತಲ್ಲ, ಅದಕ್ಕೆ 20 ದಿನ, 1,20,000 ಆಟ ಬೇಕಾಯಿತು. ಅಷ್ಟು ಮಾಡಿಯೂ ಅದೃಷ್ಟ ಕಳೆಯೋಕೆ ಕನ್ನಡಿ ಹಂಚಿಕೆ ಮಾಡಿದ್ದರು. ಒಂದು ಕೋಣೆಯಲ್ಲಿ ಬಾಟ್‌ಗೆ ಬಂದ ಎಲೆ ಇನ್ನೊಂದು ಕೋಣೆಯಲ್ಲಿ ಮನುಷ್ಯನಿಗೆ. ನೀವೂ ಮಾಡಬಹುದು. ಪಡಸಾಲೆಯಲ್ಲಿ ಕಾಕಾ, ಅಡುಗೆಮನೆಯಲ್ಲಿ ಕಾಕು. ಇಬ್ಬರ ಕಾಳು ಕೂಡಿಸಿ ನೋಡಿ. ಒಬ್ಬರಿಗೊಬ್ಬರು ಕೂಗಿ ಎಲೆ ಹೇಳದ ಹಾಗೆ ನೋಡ್ಕೊಳ್ಳಿ.

ಕಾಕಾನ ಅಭ್ಯಾಸ ಈ ಬಾಟ್ ಹಿಡಿಯಲ್ಲ. ಅದು ಯಾರನ್ನೂ ಓದಲ್ಲ, ತನ್ನ ಪ್ರಮಾಣದಲ್ಲಿ ಆಡುತ್ತೆ ಅಷ್ಟೇ. ಕಾಕಾಗೆ ತಕ್ಕ ಹಾಗೆ ತಿದ್ದಿದರೆ ಜಾಸ್ತಿ ಗೆಲ್ಲಬಹುದು. ಆದರೆ ಕಾಕಾ ಒಂದು ದಿನ ಆಟ ಬದಲಿಸಿದರೆ ಅದೇ ತಿದ್ದುಪಡಿ ಬಾಟ್‌ಗೆ ಹೊಡೆತ.

ಶಹಾಪುರಿ

ಸೂಪರ್ ಚರ್ಚೆ. ಈ ಬಾಟ್‌ನ ದುಡ್ಡಿನ ಆ್ಯಪ್‌ಗೆ ಹಾಕಿದ್ರೆ ಹೆಂಗೆ?

ತಿಂಥಣಿಸೇತುವೆ

ಬೇಡ. ಬಾಟ್ ಓಡಿಸೋದು ಪೋಕರ್ ಸೈಟ್‌ಗಳ ನಿಯಮಕ್ಕೇ ವಿರುದ್ಧ, ಖಾತೆ ಮುಚ್ಚಿ ದುಡ್ಡು ತಡೀತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತೆ, ಕೌಶಲದ ಆಟ ಅಂದರೂ ಬಿಡಲ್ಲ. ಅದೂ ಅಲ್ಲದೆ ಮೂರು ಎಲೆಯ ಬಾಟ್ ಅಲ್ಲಿ ಏನು ಮಾಡುತ್ತೆ? ಇಬ್ಬರ ಲಿಮಿಟ್ ಹೋಲ್ಡೆಮ್‌ನಲ್ಲಿ (ಬೆಟ್‌ನ ಮೊತ್ತ ನಿಗದಿ ಇರುವ, ಪೂರ್ತಿ ಕಟ್ಟಿನ ಪೋಕರ್) ಇಂಥ ಕೀಗಳು 12 ಅಲ್ಲ, 1ರ ಮುಂದೆ 13 ಸೊನ್ನೆಗಿಂತ ಜಾಸ್ತಿ. ಆಲ್ಬರ್ಟಾ ವಿಶ್ವವಿದ್ಯಾಲಯದವರು ಅದನ್ನು 2015ರಲ್ಲಿ ಹೆಚ್ಚುಕಡಿಮೆ ಬಿಡಿಸಿದಾಗ 4,800 ಪ್ರೊಸೆಸರ್ ಎರಡು ತಿಂಗಳಿಗೂ ಮೇಲೆ ಓಡಿದವು. ಒಂದು ಕೂಲರ್ ಸಾಲಲ್ಲ.

ಹುಣಸೆಬೀಜ ಅವರೇ, ಮುಂದೆ ಲೆಡಕ್ ಪೋಕರ್ ಹಿಡೀರಿ. ಆರು ಎಲೆ, ಎರಡು ಸುತ್ತು, ನಡುವೆ ಒಂದು ಬಯಲು ಎಲೆ.

ಹುಣಸೆಬೀಜ

ಕಾಕು ಕೂತರು. ತಲಾ 100 ಆಟ. ಕಾಕಾ 4 ಕಾಳು ಮುಂದೆ, ಕಾಕು 11 ಹಿಂದೆ. ಕಾಕಾ ಈಗ "ತಪ್ಪೆಲ್ಲಾ ಅಡುಗೆಮನೆ ಕಡೆಯದು" ಅಂತಿದ್ದಾರೆ. ಮನೆಯಲ್ಲಿ ಮಾತು ಸ್ವಲ್ಪ ಕಮ್ಮಿ ಆಗಿದೆ.

ಲೆಡಕ್ ಶುರು ಮಾಡಿದೆ. ಈ ಸಲ ಮೊದಲು ಕೀ ಎಣಿಸಿದೆ, ಪ್ರತಿ ಸುತ್ತಿಗೆ ಎರಡೇ ರೇಸ್ (ಬೆಟ್ ಏರಿಸೋದು) ಇಟ್ಟು. 936 ಬಂತು. ಸರಿನಾ ಅಣ್ಣಾ?

ಬಿದರಿಕಪ್ಪು

ಎಲೆಯ ಬಣ್ಣ (ಇಸ್ಪೀಟು, ಆಟೀನು ಥರದ ಜಾತಿ) ಬೇರೆ ಬೇರೆ ಅಂತ ಎಣಿಸಿದ್ದರೆ 936 ಸರಿ. ಲೆಡಕ್‌ನಲ್ಲಿ ಬಣ್ಣಕ್ಕೆ ಬೆಲೆ ಇಲ್ಲ. ಅದನ್ನು ಕೀಯಿಂದ ತೆಗೆದರೆ 288 ಬರುತ್ತೆ, ಓಡೋದೂ ಬೇಗ.