ಅಪ್‌ಡೇಟ್: ಅಲ್ಯೂಮಿನಿಯಂ ಸ್ಲೈಡ್ ಬ್ಲಾಕ್ ಸವೀತಿದ್ದ ವಿಷ್ಯ

ಮಳೆಗಾಲಕ್ಕೆ ಮುಂಚೆ ಕೇಳಿದ್ನಲ್ಲ, ಪುಣೆ ಭೋಸರಿಯ ನಮ್ಮ ಶಾಪಲ್ಲಿ ಮಾಡಿದ 6061 (ಒಂದು ಅಲ್ಯೂಮಿನಿಯಂ ಮಿಶ್ರಲೋಹ) ಸ್ಲೈಡ್ ಬ್ಲಾಕು, ಅಂದ್ರೆ ಮಷೀನಲ್ಲಿ ಜಾರೋ ತುಂಡು, ಗೋವಾ ಕಸ್ಟಮರ್ ಹತ್ರ ಮೂರೇ ತಿಂಗ್ಳಿಗೆ ಸವೆದು ಮೇಲೆ ಬಿಳಿ ಪುಡಿ ಬೇರೆ ಬಂದಿದೆ ಅಂತ. ಕೋಟಿಂಗೇ ಸರಿಯಿಲ್ಲ ಅಂತ ನೀವು ಹೇಳಿದ್ದೇ ಸರಿ, ನಾನು ಹಾಕ್ಸಿದ್ದು ಮಾಮೂಲಿ ಕಲರ್ ಅನೋಡೈಸಿಂಗ್ (ಆಸಿಡ್ಡಲ್ಲಿ ಮುಳುಗಿಸಿ ಕರೆಂಟ್ ಹಾಯ್ಸಿ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸೋದು), ಬರೀ 10 ಮೈಕ್ರಾನ್ ದಪ್ಪ, ನೋಡೋಕೆ ಚಂದ ಅಷ್ಟೇ.

ಈ ಸಲ 50 ಮೈಕ್ರಾನ್ ಹಾರ್ಡ್ ಅನೋಡೈಸಿಂಗ್ ಮಾಡಿಸ್ದೆ, ಸಲ್ಫ್ಯೂರಿಕ್ ಆಸಿಡ್ಡನ್ನ ಸೊನ್ನೆ ಡಿಗ್ರಿ ಆಸುಪಾಸಲ್ಲಿ ಇಟ್ಟು ಮಾಡ್ತಾರೆ, ಬಿಸಿಯಾದ್ರೆ ಆಸಿಡ್ಡೇ ಆ ಪದರನ ತಿಂದು ಮೆತ್ತಗೆ ಮಾಡುತ್ತೆ ಅಂತ ಕೋಟಿಂಗ್ ಶಾಪಿನ ಬೆಳಗಾವಿ ಕಡೆ ಅಣ್ಣ ಒಬ್ರು ಬಿಡಿಸಿ ಹೇಳಿದ್ರು. ಆದ್ರೂ ಮೊದಲ್ನೇ ಲಾಟು ಪೂರಾ ಸ್ಕ್ರ್ಯಾಪು, ತಪ್ಪು ನಂದೇ. ಪದರ ಅರ್ಧ ಒಳಗೆ ಅರ್ಧ ಹೊರಗೆ ಬೆಳೆಯುತ್ತಲ್ಲ, ಅದನ್ನ ಮರ್ತು ಬೋರನ್ನ (ಶಾಫ್ಟ್ ಕೂರೋ ತೂತು) ಫೈನಲ್ ಸೈಜಿಗೇ ಹೊಡೆದಿದ್ದೆ, ಎರಡೂ ಬದಿ 25-25 ಬೆಳೆದು ವ್ಯಾಸ 50 ಮೈಕ್ರಾನ್ ಕಮ್ಮಿಯಾಗಿ ಶಾಫ್ಟ್ ಒಳಗೇ ಹೋಗ್ಲಿಲ್ಲ! ಚೂಪು ಅಂಚಲ್ಲಿ ಕೋಟಿಂಗ್ ಬಿರುಕೂ ಬಿಟ್ಟಿತ್ತು, ಈಗ ರೇಡಿಯಸ್ ಕೊಟ್ಟು ಅಂಚು ದುಂಡಗೆ ಮಾಡಿದೀನಿ.

ಸೀಲ್ ಮಾಡಿದ್ರೆ (ಪದರದ ಸಣ್ಣ ಸಣ್ಣ ರಂಧ್ರ ಮುಚ್ಚಿದ್ರೆ) ಉಪ್ಪು ಗಾಳಿ ತಡೆಯುತ್ತೆ ಆದ್ರೆ ಸವೆತಕ್ಕೆ ಸ್ವಲ್ಪ ಮೆತ್ತಗಾಗುತ್ತೆ, ಹಂಗಾಗಿ ಕವರ್ ಪ್ಲೇಟಿಗೆ ಮಾತ್ರ ಸೀಲಿಂಗ್, ಸ್ಲೈಡಿಗೆ ಬರೀ ಎಣ್ಣೆ. ಎರಡು ತಿಂಗ್ಳಾಯ್ತು, ಗೋವಾದಿಂದ ಬೈಗುಳದ ಫೋನ್ ಬಂದಿಲ್ಲ.